ಹುಣಸೆಹಣ್ಣು ಹಚ್ಚಿ ತಿಕ್ಕಿದ ಸ್ಟೌ

ಬ್ಯಾಂಕಿನವರು ವಿಜಯವಾಡಕ್ಕೆ ವರ್ಗ ಮಾಡಿದ ಮೇಲೆ ನನಗೊಂದು ಹುಚ್ಚು ಹಿಡಿಯಿತು: ಹಳೆಯ ಕ್ಯಾಂಪಿಂಗ್ ಸ್ಟೌ ಕೂಡಿಡುವುದು. ಸೀಮೆಎಣ್ಣೆ ತುಂಬಿ, ಪಂಪು ಹೊಡೆದು ಉರಿಸುವ ಪುಟ್ಟ ಹಿತ್ತಾಳೆ ಸ್ಟೌಗಳು. ಗುಜರಿ ಅಂಗಡಿಗಳಲ್ಲಿ ಹುಡುಕಿ ಹುಡುಕಿ ಹನ್ನೊಂದು ತಂದಿದ್ದೆ. ಅವುಗಳಲ್ಲಿ ಒಂದರ ಮೇಲೆ ಮಾತ್ರ ನನಗೆ ಜೀವ. ಯಾರದೋ ಕಾಲದ ಮಸಿ, ಕಪ್ಪಿಟ್ಟ ಬಣ್ಣ ಅದರ ಮೈಮೇಲೆ ಹಾಗೇ ಉಳಿದಿತ್ತು.

ವಿಶಾಖಪಟ್ಟಣದಲ್ಲಿ ನನ್ನಂಥ ಹುಚ್ಚರದೇ ಒಂದು ಕ್ಯಾಂಪಿಂಗ್ ಕ್ಲಬ್ ಇತ್ತು. ವರ್ಷಕ್ಕೊಮ್ಮೆ ಋಷಿಕೊಂಡ ಕಡಲತೀರದ ಮರಳಿನಲ್ಲಿ ಡೇರೆ ಹಾಕಿ ಹಳೆಗಾಲದ ಸ್ಪರ್ಧೆ ನಡೆಸುತ್ತಿದ್ದರು. ಸ್ಟೌ ಹಳೆಯದಾಗಿ ಕಂಡಷ್ಟೂ ಅಂಕ ಜಾಸ್ತಿ. ಆಮೇಲೆ ಅದರ ಮೇಲೆ ಒಂದು ಲೀಟರ್ ನೀರು ಕುದಿಸಬೇಕು. ಆ ಹೊತ್ತಿನಲ್ಲಿ ಸ್ಪರ್ಧಿಯದಲ್ಲದ ಕೈ ಸ್ಟೌಗೆ ತಾಗಿದರೆ ಆಟದಿಂದ ಹೊರಗೆ.

ಆ ವರ್ಷ ಗದಗದಿಂದ ಅವ್ವ ಬಂದಿದ್ದಳು. ಇಂದ್ರಕೀಲಾದ್ರಿ ಬೆಟ್ಟ ಹತ್ತಿಸಿ ದುರ್ಗಮ್ಮನ ದರ್ಶನ ಮಾಡಿಸಿದ್ದೆ, ಖುಷಿಯಲ್ಲಿದ್ದಳು. ಸ್ಪರ್ಧೆಗೆ ನಾಲ್ಕು ದಿನ ಇದ್ದಾಗ ಬ್ಯಾಂಕಿನಿಂದ ಬಂದು ನೋಡುತ್ತೇನೆ, ನನ್ನ ಆ ಜೀವದ ಸ್ಟೌ ಮದುವೆಮನೆಯ ತಂಬಿಗೆಯ ಹಾಗೆ ಥಳಥಳ! ಅವ್ವ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿಟ್ಟಿದ್ದಳು.

"ಹೆಂಗ ಹೊಳಿಯಾಕತ್ತೈತಿ ನೋಡು," ಎಂದಳು.

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. "ನಿನಗ ಯಾರು ತಿಕ್ಕು ಅಂದ್ರು? ಇನ್ನ ಮ್ಯಾಲೆ ನನ್ನ ಸಾಮಾನಿಗೆ ಕೈ ಹಚ್ಚಬ್ಯಾಡ!" ಎಂದು ಕೂಗಿಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಅಂದಿನಿಂದ ಕುಡಿಯುವ ನೀರಿನ ಲೋಟಕ್ಕೂ "ತಗೊಳ್ಳಲೇನಪಾ?" ಎಂದು ಕೇಳತೊಡಗಿದಳು. ನನಗೆ ನಾಚಿಕೆಯಾಗುತ್ತಿತ್ತು. ಆದರೂ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ.

ಋಷಿಕೊಂಡಕ್ಕೆ ಅವಳನ್ನೂ ಆಟದ ನಿಯಮ ಹೇಳುತ್ತಾ ಕರೆದುಕೊಂಡು ಹೋದೆ. ತೀರ್ಪುಗಾರರು ವಯಸ್ಸಾದ ತೆಲುಗಿನವರು. ಸ್ಟೌ ನೋಡಿದವರೇ, "ಅಯ್ಯೋ, ತೋಮೇಶಾರಾ?" ಎಂದು, ತಿಕ್ಕಿಬಿಟ್ಟರಲ್ಲಾ ಅಂತ ಮರುಗಿ, ಹಳೆತನಕ್ಕೆ ಸೊನ್ನೆ ಹಾಕಿದರು. ಅವ್ವನಿಗೆ ತೆಲುಗು ಬಾರದಿದ್ದರೂ ಅವರ ಮುಖ ಓದಲು ಬಂತು. ತಲೆ ತಗ್ಗಿಸಿದಳು.

ಇನ್ನು ನೀರು ಕುದಿಸಿಯೇ ಮಾನ ಉಳಿಸಿಕೊಳ್ಳಬೇಕಿತ್ತು. ಅವಸರದಲ್ಲಿ ಬರ್ನರ್ ಬಿಸಿಯಾಗುವ ಮೊದಲೇ ಪಂಪು ಹೊಡೆದೆ. ಹಳದಿ ಉರಿ ಭಗ್ಗೆಂದಿತು. ಆರಿಸಿ ಮತ್ತೆ ಹಚ್ಚಿದೆ, ಮತ್ತೆ ಅದೇ. ಅಕ್ಕಪಕ್ಕದ ಸ್ಟೌಗಳು ಆಗಲೇ ಭರ್ರೆನ್ನುತ್ತಿದ್ದವು. ಇಪ್ಪತ್ತು ವರ್ಷ ಇಂಥದೇ ಸ್ಟೌ ಮೇಲೆ ನಮಗೆಲ್ಲ ರೊಟ್ಟಿ ಬೇಯಿಸಿ ಬಡಿಸಿದವಳು ಅವ್ವ. ನನ್ನ ತಪ್ಪು ಅವಳಿಗೆ ಗೊತ್ತಾಗದೆ ಇದ್ದೀತೇ? ಒಮ್ಮೆ ಅವಳ ಕೈ ತಾನಾಗಿ ಮುಂದೆ ಬಂತು. ಥಟ್ಟನೆ ಹಿಂದಕ್ಕೆಳೆದುಕೊಂಡು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ನಾನು ಸ್ಟೌ ಬಿಟ್ಟು ಪಕ್ಕಕ್ಕೆ ಸರಿದೆ.

"ಅವ್ವಾ, ನೀನೇ ಹಚ್ಚು."

"ನನ್ನ ಕೈ ತಾಗಿದ್ರ ನಿನ್ನ ಆಟ ಹೊಕ್ಕೈತಲ್ಲೋ?"

"ಹೋಗ್ಲಿ ಬಿಡು. ಅವತ್ತ ನಾ ಹಂಗ ಅನಬಾರದಿತ್ತು. ತಪ್ಪಾತು."

ಅವ್ವ ಸಮುದ್ರದ ಗಾಳಿಗೆ ಬೆನ್ನು ಕೊಟ್ಟು ಕೂತು, ಬರ್ನರ್ ಕಾಯಿಸಲು ಅದರ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಸುರಿದು, ಕಡ್ಡಿ ಗೀರಿದಳು. ಅದು ಪೂರ್ತಿ ಉರಿದು ಮುಗಿಯುವ ತನಕ ತಾಳ್ಮೆಯಿಂದ ಕಾದು, ಆಮೇಲೆ ನಾಲ್ಕೇ ಪಂಪು. ನೀಲಿ ಉರಿ ನಿಂತಿತು. ತೀರ್ಪುಗಾರರು ಪಟ್ಟಿಯಲ್ಲಿ ನನ್ನ ಹೆಸರನ್ನು ಗೀಟೆಳೆದು ಹೊಡೆದುಹಾಕಿದರು.

ನೀರು ಕುದಿಯಿತು. ಅವ್ವ ನನ್ನನ್ನು ಒಂದು ಮಾತೂ ಕೇಳದೆ, ನನ್ನ ಚೀಲದೊಳಗೆ ಕೈ ಹಾಕಿ ಚಹಾಪುಡಿ ತೆಗೆದಳು.