ನನ್ನ ನಂಬರಿಗೆ ಅವಳ ದನಿ

ಪ್ರಾಕ್ಸಿ ಎಂದರೆ ಕ್ಲಾಸಿಗೆ ಬಾರದವರ ಪರವಾಗಿ ಗೆಳೆಯರು ಹಾಜರಿ ಹೇಳುವುದು. ನನ್ನದು ಉಲ್ಟಾ. ಕ್ಲಾಸಿನಲ್ಲೇ ಕೂತಿದ್ದ ನನಗೆ ಪ್ರಾಕ್ಸಿ ಬೇಕಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಖಾನಾಪುರದಿಂದ ದಿನಾ ರೈಲಿನಲ್ಲಿ ಬೆಳಗಾವಿಗೆ ಬಂದು ಬಿ.ಎ. ಓದುತ್ತಿದ್ದೆ. ಊರಿನಲ್ಲಿ ನಾನು ಬಾಯಿಬಡುಕಿ. ಕನ್ನಡದಲ್ಲಿ ಶುರುವಾದ ಜಗಳವನ್ನು ಮರಾಠಿಯಲ್ಲಿ ಗೆದ್ದು ಬರುವವಳು. ಕಾಲೇಜಿನಲ್ಲಿ ಮಾತ್ರ ಹಾಜರಿ ಕರೆಯುವಾಗ ನನ್ನ ನಂಬರ್ ಬಂದರೆ ಬಾಯಿಯೇ ಬಿಡುತ್ತಿರಲಿಲ್ಲ. ಮೊದಲ ತಿಂಗಳೆಲ್ಲ ಎದುರಿಗೇ ಕೂತು ಗೈರುಹಾಜರಾದೆ. ಹಾಜರಿ ಕಡಿಮೆ ಬಿದ್ದರೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಪರೀಕ್ಷೆ ತಪ್ಪಿದರೆ ಅಪ್ಪ ಕಾಲೇಜು ಬಿಡಿಸುವುದು ಖಂಡಿತ.

ದೇಸೂರಿನಲ್ಲಿ ರೈಲು ಹತ್ತುತ್ತಿದ್ದ ಗೆಳತಿ ಕಾಪಾಡಿದಳು. ನನ್ನ ನಂಬರ್ ಆದ ಕೂಡಲೇ ಅವಳದು. ನನ್ನದಕ್ಕೆ ಸಣ್ಣ ದನಿಯಲ್ಲಿ ‘ಯೆಸ್ ಸರ್’, ತನ್ನದಕ್ಕೆ ದಪ್ಪ ದನಿಯಲ್ಲಿ ‘ಯೆಸ್ ಸರ್’. ಅವಳ ಧೈರ್ಯ ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಒಂದು ದಿನ ಅವಳಿಗೆ ಜ್ವರ, ರೈಲು ಹತ್ತಲಿಲ್ಲ. ಕ್ಲಾಸಿನಲ್ಲಿ ನನ್ನ ನಂಬರ್ ಬಂದೇಬಿಟ್ಟಿತು. ಕಣ್ಣು ಮುಚ್ಚಿ ಬಾಯಿ ಬಿಟ್ಟೆ. ಹಗ್ಗ ಕಿತ್ತ ಎಮ್ಮೆಯ ಹಿಂದೆ ಓಡುವಾಗ ಬರುವ ದನಿಯೇ ಹೊರಬಿತ್ತು.

ಸರ್ ಕನ್ನಡಕ ಇಳಿಸಿದರು. “ಯಾರವಾ ಅದು? ಈ ನಂಬರಿನ ಹುಡುಗಿ ದನಿ ನನಗ ಗೊತ್ತಿಲ್ಲೇನು? ಪಾಪ, ಸಣ್ಣ ದನಿ ಅಕಿದು. ಪ್ರಾಕ್ಸಿ ಹೇಳಾಕ ನಾಚಿಕಿ ಬರೂದಿಲ್ಲ?”

ಸಿಟ್ಟು ನೆತ್ತಿಗೇರಿತು. ಹೆದರಿಕೆ ಎಲ್ಲಿ ಹೋಯಿತೋ! “ನಾನ ರೀ ಸರ್ ಅಕಿ! ಖರೇನ ನಾನ! ಇಷ್ಟ ದಿನ ಹೇಳಿದಾಕಿ ಬ್ಯಾರೆ ರೀ!”

ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸರ್ ಕೂಡ ನಕ್ಕರು. “ಇನ್ನ ಮ್ಯಾಲ ನಿಂದ ನೀನ ಹೇಳು. ಸ್ವಲ್ಪ ಸಾವಕಾಶ ಹೇಳವಾ, ಬಾಜೂ ಕ್ಲಾಸಿನ್ಯಾಗ ಪಾಠ ನಡದೈತಿ.” ಸಾಯುವಷ್ಟು ನಾಚಿಕೆಯಾಗಬೇಕಿತ್ತು, ಆದರೆ ನನಗೂ ನಗು ಬಂತು.

ಗೆಳತಿ ಜ್ವರ ಬಿಟ್ಟು ಬಂದ ದಿನ ರೈಲಿನಲ್ಲಿ ಬೀಗುತ್ತ ಎಲ್ಲ ಹೇಳಿದೆ. ಖುಷಿಪಡುತ್ತಾಳೆ ಅಂದುಕೊಂಡರೆ ಅವಳ ಮುಖ ಇಳಿದುಹೋಯಿತು.

“ಹಂಗಾರ ನನ್ನ ಗತಿ ಏನ?” ಎಂದಳು. “ನಿನ್ನ ನಂಬರ್ ಹೇಳುವಾಗ ಅದು ನಾ ಅಲ್ಲ ಅನಸ್ತಿತ್ತು, ಅಂಜಿಕಿ ಬರತಿರಲಿಲ್ಲ. ಅದ ಧೈರ್ಯದ ಮ್ಯಾಲ ನಂದೂ ಹೇಳಿಬಿಡತಿದ್ದೆ.”

ಅಂದು ನನ್ನ ನಂಬರಿಗೆ ನಾನೇ ಹಾಜರಿ ಹೇಳಿ, ಬೆಂಚಿನ ಕೆಳಗೆ ಅವಳ ಕೈ ಹಿಡಿದೆ. ಅವಳ ನಂಬರ್ ಬಂತು. ಉಸಿರೆಳೆದುಕೊಂಡಳು, ಹೇಳಿಯೇಬಿಟ್ಟಳು. ಪಾಠ ಮುಗಿಯುವವರೆಗೂ ನನ್ನ ಕೈ ಮಾತ್ರ ಬಿಡಲಿಲ್ಲ.