ಮೂರನೆಯ ಕಡ್ಡಿ

ಮೊನ್ನೆ ಮಗಳು ಯಾರದೋ ಗರಾಜ್ ಸೇಲಿನಿಂದ ಹಳೆಯ ಆಂಪ್ಲಿಫೈಯರ್ ಒಂದನ್ನು ಹೊತ್ತು ತಂದಳು. ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಸ್ವಿಚ್ಚು ಹಾಕಿದಾಗ ಬಿಸಿಯಾಗತೊಡಗಿದ ತಗಡಿನಿಂದ ಸುಟ್ಟ ಧೂಳಿನ ವಾಸನೆ ಎದ್ದಿತು. ಪಾತ್ರೆ ತೊಳೆಯುತ್ತಿದ್ದ ನನ್ನ ಒದ್ದೆ ಕೈಯ ಹಿಂಬದಿ ಅದಕ್ಕೆ ಸವರಿದ್ದೇ ತಡ, ಚರ್ಮದ ಕೆಳಗೆ ಇರುವೆ ಸಾಲು ಹರಿದಂತಾಯಿತು. ಎಷ್ಟು ವರ್ಷವಾಗಿದ್ದರೇನು, ಕೈ ಮರೆತಿರಲಿಲ್ಲ.

ಎಂಬತ್ತರ ದಶಕದಲ್ಲಿ ನಾವು ಸ್ಯಾನ್ ಹೊಸೆ ಪಕ್ಕದ ಕ್ಯಾಂಪ್‌ಬೆಲ್‌ನಲ್ಲಿದ್ದೆವು. ಅಪ್ಪ, ಅಮ್ಮ, ನಾನು, ಮೂರೇ ಜನ. ಮನೆಯೊಳಗೆಲ್ಲ ಕಾರ್ಪೆಟ್ಟು. ಅಮ್ಮ ಮಡಿಯೆಂದರೆ ಮಡಿ. ಮಿಂದು, ಹಿಂಡಿದ ಸೀರೆಯನ್ನು ಒದ್ದೆಯಾಗಿಯೇ ಉಟ್ಟು ಪೂಜೆಗೆ ನಿಲ್ಲುವವಳು. ಕಾರ್ಪೆಟ್ಟು ಹಾಳಾಗುತ್ತದೆಂದು ಅಪ್ಪ ಅವಳ ದೇವರನ್ನು ಗರಾಜಿಗೆ ಸಾಗಿಸಿದ್ದರು. ಅಲ್ಲಿ ಒಂದು ಕಡೆ ವಾಷಿಂಗ್ ಮಷೀನು, ಅದರ ನಲ್ಲಿ. ಪಕ್ಕದಲ್ಲೇ ಅಪ್ಪನ ಲೋಹದ ಪೆಟ್ಟಿಗೆಯ ಆಂಪ್ಲಿಫೈಯರ್. ಅದರಾಚೆ ದೇವರ ಶೆಲ್ಫು. ಮುಂಜಾನೆ ಆ ತಣ್ಣನೆಯ ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ನಿಂತು ಅಮ್ಮ ಸ್ತೋತ್ರದ ಕ್ಯಾಸೆಟ್ಟು ಹಾಕುತ್ತಿದ್ದಳು. ಕರ್ಪೂರ, ಸೋಪಿನ ಪುಡಿ, ಕಾರಿನ ಎಣ್ಣೆ ಬೆರೆತ ಆ ವಾಸನೆಯೇ ನನಗೆ ಇವತ್ತಿಗೂ ದೇವರ ಮನೆಯ ವಾಸನೆ.

ಅಪ್ಪನಿಗೆ ಸಂಗೀತದ ಹಿಂದೆ ಸದಾ ಕೇಳಿಸುತ್ತಿದ್ದ ಗುಂಯ್ ಎನ್ನುವ ಸದ್ದನ್ನು ಸಹಿಸಲಾಗುತ್ತಿರಲಿಲ್ಲ. ಒಂದು ಶನಿವಾರ ಇಕ್ಕಳ ಹಿಡಿದು, ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿದು ಹಾಕಿದರು. ಪೆಟ್ಟಿಗೆಗೆ ಸೋರಿದ ಕರೆಂಟನ್ನು ನೆಲಕ್ಕೆ ಕಳಿಸುವ ಕಡ್ಡಿ ಅದು. ಗುಂಯ್ ನಿಂತಿತು. ಅಪ್ಪ ಹುಡುಗರ ಹಾಗೆ ನಕ್ಕರು. ಮರುದಿನ ಬೆಳಿಗ್ಗೆ ಅಮ್ಮ ಪೆಟ್ಟಿಗೆ ಮುಟ್ಟಿ ಕೈ ಕೊಡವಿಕೊಂಡಳು.

"ರೀ, ಆ ಡಬ್ಬ ಜುಮ್ ಅನ್ನತ್ತೆ."

"ಚಪ್ಪಲಿ ಹಾಕ್ಕೊಂಡು ಮುಟ್ಟು."

"ದೇವ್ರ ಮುಂದೆ ಚಪ್ಪಲೀನಾ?"

"ಹಾಗಾದ್ರೆ ನಿನ್ನ ದೇವ್ರಿಗೇ ಹೇಳು. ಬಂದು ರಿಪೇರಿ ಮಾಡ್ಲಿ."

ವಾರವಿಡೀ ಇದೇ ಮಾತು. ಕೊನೆಗೊಂದು ಸಂಜೆ ಅಪ್ಪ ಆಫೀಸಿನ ಬೂಟಿನಲ್ಲೇ ಗರಾಜಿಗೆ ಬಂದು ಅಂಗೈಯನ್ನು ಪೆಟ್ಟಿಗೆಯ ಮೇಲೆ ಒತ್ತಿ ನಿಂತರು. "ನೋಡು, ಏನಾಯ್ತು ನಂಗೆ?" ಆಮೇಲೆ ನನ್ನನ್ನು ಕರೆದರು. ನನಗಾಗ ಒಂಬತ್ತು ವರ್ಷ, ಬರಿಗಾಲು. ಕೈಯಿಟ್ಟೆ. ಮೊಣಕೈವರೆಗೆ ಜುಮ್ಮೆಂದಿತು. ಅಪ್ಪನ ಕಣ್ಣು ನನ್ನ ಮೇಲಿತ್ತು. "ನಥಿಂಗ್, ಅಪ್ಪ," ಎಂದೆ. ಆ ಮಾತು ಮುಗಿಯುವ ಮುಂಚೆ ಅವರ ಕೈ ಅಮ್ಮನ ಕೆನ್ನೆಗೆ ಅಪ್ಪಳಿಸಿತ್ತು. ಅವಳ ತಲೆ ಶೆಲ್ಫಿಗೆ ಬಡಿದು ಕುಂಕುಮದ ಬಟ್ಟಲು ಉರುಳಿ, ಸಿಮೆಂಟಿನ ಮೇಲೆಲ್ಲ ಕೆಂಪು ಚೆಲ್ಲಿತು. "ಇಂಜಿನಿಯರ್ ನಾನೋ, ನೀನೋ?" ಎಂದು ಇನ್ನೊಂದು ಏಟು. ಅಮ್ಮ ನನ್ನ ಕಡೆ ನೋಡಲಿಲ್ಲ. ಬಗ್ಗಿ ಕುಂಕುಮ ಬಳಿದಳು.

ಮೂರನೆಯ ದಿನ ಬೆಳಿಗ್ಗೆ ಅಪ್ಪ ಒಳಗೆ ಗಡ್ಡ ಹೆರೆಯುತ್ತಿದ್ದರು. ಅಮ್ಮ ಎಡಗೈಯಲ್ಲಿ ನಲ್ಲಿ ತಿರುಗಿಸುತ್ತ ಬಲಗೈಯನ್ನು ಆಂಪ್ಲಿಫೈಯರಿಗೆ ಚಾಚಿದಳು. ಎರಡೂ ಕೈ ಹಾಗೇ ಸೆಟೆದುಕೊಂಡವು. ಕೂಗು ಬರಲಿಲ್ಲ, ಹಲ್ಲು ಕಚ್ಚಿಕೊಂಡು ಗಂಟಲೊಳಗೆ ಹ್, ಹ್ ಎಂದಳು. ಸೀರೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿಡಿದೆಳೆಯಲು ಓಡಿದವಳು ಗೇಣು ದೂರದಲ್ಲಿ ನಿಂತುಬಿಟ್ಟೆ. ನನ್ನ ಸ್ನಾನವಾಗಿರಲಿಲ್ಲ, ಮುಟ್ಟಿದರೆ ಮಡಿ ಕೆಡುತ್ತದೆ. ಆ ಅರೆಗಳಿಗೆಯಲ್ಲಿ ಮೂಲೆಯಲ್ಲಿದ್ದ ಅಪ್ಪನ ಕ್ರಿಕೆಟ್ ಬ್ಯಾಟು ಕಣ್ಣಿಗೆ ಬಿತ್ತು. ಅಪ್ಪ ಹೊಡೆಯುವಾಗ ನಿಲ್ಲುವ ಹಾಗೆಯೇ ಕಾಲು ಅಗಲಿಸಿ ನಿಂತು ಬೀಸಿದೆ. ಮೊದಲ ಏಟಿಗೆ ಕೈ ಬಿಡಲಿಲ್ಲ. ಎರಡನೆಯದಕ್ಕೆ ಬಲಗೈ ಮಣಿಕಟ್ಟು ಲಟ್ಟೆಂದಿತು, ಬಳೆ ಚೂರಾಗಿ ಹಾರಿತು, ಅಮ್ಮ ನೆಲಕ್ಕೆ ಬಿದ್ದಳು. ಬಿದ್ದವಳು ಉಸಿರೆಳೆದ ಸದ್ದಿಗಿಂತ ದೊಡ್ಡ ಸ್ತೋತ್ರವನ್ನು ನಾನು ಕೇಳಿಲ್ಲ. ಬರಿಗೈಯಲ್ಲಿ ಮುಟ್ಟಿದ್ದರೆ ನಾನೂ ಅಂಟಿಕೊಳ್ಳುತ್ತಿದ್ದೆ. ಅವಳನ್ನು ಸಾವಿನ ಬಾಯಿಗಿಟ್ಟ ಮಡಿಯೇ ನನ್ನನ್ನು ತಡೆಯಿತು. ದೇವರ ಲೆಕ್ಕ ನನಗೆ ತಿಳಿಯದು. ಕೈ ಮುಗಿಯುತ್ತೇನೆ, ಅಷ್ಟೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಅಪ್ಪನನ್ನು ಹೊರಗೆ ಕೂರಿಸಿದಳು. ಕೈ ಮುರಿದದ್ದು ಯಾರೆಂದು ಕೇಳಿದಳು. ನಾನೇ, ಬ್ಯಾಟಿನಿಂದ, ಎಂದೆ. ಅವಳು ನಂಬಲಿಲ್ಲ. ಅಮ್ಮನ ಕೆನ್ನೆಯ ಮೇಲೆ ಹಳದಿಗೆ ತಿರುಗಿದ್ದ ಬೆರಳ ಗುರುತು ತೋರಿಸಿ, ಇದು? ಎಂದಳು. ಅಮ್ಮನಿಗೆ ಇಂಗ್ಲಿಷು ಸಾಲದು. "ಬಾಗ್ಲು ತಗುಲ್ತು ಅಂತ ಹೇಳು, ಪುಟ್ಟಿ," ಎಂದಳು, ಮೆಲ್ಲಗೆ.

ನನ್ನ ಕೈಯಲ್ಲಿ ಇನ್ನೂ ಬ್ಯಾಟಿನ ಅದುರು ಇತ್ತು. "ಅಪ್ಪ ಹೊಡೆದರು. ನಾನು ಸುಳ್ಳು ಹೇಳಿದ್ದಕ್ಕೆ," ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನರ್ಸಮ್ಮನ ಮುಖ ನೋಡಿಯೇ ಅಮ್ಮನಿಗೆ ಅರ್ಥವಾಯಿತು. ಅವಳು ಕಣ್ಣು ಮುಚ್ಚಿಕೊಂಡಳು.

ಪೊಲೀಸರು ಬಂದರು. ಆ ವಾರವೇ ಅಪ್ಪ ಸ್ಯಾನ್ ಹೊಸೆಯ ಗೆಳೆಯರ ಮನೆಗೆ ಹೋದರು, ಮತ್ತೆ ಬರಲಿಲ್ಲ. ನಾವಿಬ್ಬರೂ ಒಂದು ರೂಮಿನ ಅಪಾರ್ಟ್‌ಮೆಂಟಿಗೆ ಬಂದೆವು. ಆ ಮನೆ, ಆ ಗರಾಜು, ಶನಿವಾರಗಳ ಅಪ್ಪನ ನಗು, ಎಲ್ಲ ನನ್ನ ಒಂದು ಮಾತಿಗೆ ಕರಗಿತು. ಇನ್ನೊಂದು ಮಾತಿಗೆ, ಆ 'ನಥಿಂಗ್'ಗೆ, ಅಮ್ಮನೇ ಹೋಗಿಬಿಡುವವಳಿದ್ದಳು. ಅತ್ತರೆ ಅಮ್ಮ ಹೇಳುತ್ತಿದ್ದುದು ಇಷ್ಟೇ: "ನಿಜ ಹೇಳಿದ್ಯಲ್ಲ, ಮುಗೀತು. ಊಟ ಮಾಡು." ಅವಳ ಮಣಿಕಟ್ಟು ಸೊಟ್ಟಗೇ ಕೂಡಿತು. ಕೊನೆಯವರೆಗೂ ಅವಳು ಎತ್ತಿದ ಆರತಿ ಒಂದು ಪಕ್ಕಕ್ಕೆ ವಾಲುತ್ತಿತ್ತು. ಹೋದ ಮಾಘದಲ್ಲಿ ಆ ಕೈಗೆ ನಾನೇ ಕೊನೆಯ ಬಾರಿ ಬಳೆ ತೊಡಿಸಿದೆ. ಸೊಟ್ಟ ಮೂಳೆಯ ಮೇಲೆ ನಿಧಾನವಾಗಿ ಜಾರಿಸಬೇಕಾಯಿತು.

ಮೊನ್ನೆ ಅಡುಗೆಮನೆಯಲ್ಲಿ ನಾನು ಕೈ ಹಿಂದಕ್ಕೆಳೆದದ್ದನ್ನು ಮಗಳು ನೋಡಿದ್ದಳು. "ಅಮ್ಮಾ, ಡಿಡ್ ಇಟ್ ಶಾಕ್ ಯೂ?" ಎಂದಳು.

"ಹೌದು ಕಣೇ," ಎಂದೆ. "ಜುಮ್ ಅಂತು."

ಒದ್ದೆ ಕೈ ಒರೆಸಿಕೊಂಡು, ಪ್ಲಗ್ಗು ಕಿತ್ತು ನೋಡಿದೆ. ಅದರಲ್ಲೂ ಎರಡೇ ಕಡ್ಡಿಗಳಿದ್ದವು. ಮೂರನೆಯದರ ಜಾಗದಲ್ಲಿ ಯಾರೋ ಮುರಿದ ಗುರುತು.