ಫೋಲ್ಕರ್ಟರ ಚಹಾದ ಮೇಜು

ನನ್ನ ಯಜಮಾನರು ಫೋಲ್ಕರ್ಟ್, ಜಿಲ್ಲೆಯ ಪತ್ರಿಕೆಯಲ್ಲಿ ದನದ ಸಂತೆ, ಸಮುದ್ರದ ಒಡ್ಡಿನ ರಿಪೇರಿ, ಹಾಡುಗಾರರ ಸಂಘದ ವಾರ್ಷಿಕೋತ್ಸವ ಇಂಥವನ್ನೇ ಬರೆಯುತ್ತಿದ್ದರು. ಭಾನುವಾರ ಮಾತ್ರ ಅವರದೇ ಕೆಲಸ: ನಮ್ಮ ಊರಿನ ಯಾವ ಮನೆಯಲ್ಲಿ ಹಿಂದೆ ಯಾರಿದ್ದರು ಎಂದು ಹುಡುಕುವುದು. ಬರೆದದ್ದನ್ನು ಮೊದಲು ಅಡುಗೆಮನೆಯಲ್ಲಿ ನನಗೆ ಓದಿ ಹೇಳುತ್ತಿದ್ದರು.

ಹಾಗೆ ಹುಡುಕುವಾಗ ಕೋಪೆಲ್ ಎಂಬ ಯಹೂದಿ ದನದ ವ್ಯಾಪಾರಿಯ ಮನೆಯ ವಿಷಯ ಸಿಕ್ಕಿತು. ಯುದ್ಧಕಾಲದಲ್ಲಿ ಯಹೂದಿಗಳೆಂಬ ಕಾರಣಕ್ಕೇ ಆ ಮನೆಯವರನ್ನು ಸರ್ಕಾರದವರು ಸಾಯಲೆಂದು ದೂರ ಎಳೆದೊಯ್ದ ಮೇಲೆ ಅವರ ಸಾಮಾನನ್ನು ಬೀದಿಯಲ್ಲೇ ಹರಾಜು ಹಾಕಿದ್ದರು. ಕೊಂಡವರು ನಮ್ಮೂರಿನವರೇ. ನಮ್ಮ ಬಟ್ಟಲುಗಳ ಬೀರು ಅಲ್ಲಿಂದ ಬಂದದ್ದೆಂದು ಯಜಮಾನರ ಮುದಿ ಸೋದರತ್ತೆಯೇ ಹೇಳಿದರು. ಇವರು ಪತ್ರಿಕೆಯಲ್ಲಿ ಅದನ್ನೇ ಮೊದಲು ಬರೆದರು. ಬೇರೆಯವರ ಹೆಸರು ಬರೆಯಲಿಲ್ಲ. ಅಂಥ ಸಾಮಾನು ಮನೆಯಲ್ಲಿ ಇದ್ದವರು ತಾವಾಗಿ ಹೇಳಲಿ ಎಂದಷ್ಟೇ ಕೇಳಿದರು.

ಬಲಪಕ್ಕದ ಮನೆಯ ಬಡಗಿ ಹಾಬೋ ಅದು ಅಚ್ಚಾದ ಸಂಜೆ ಎಂದಿನಂತೆ ಚಹಾಕ್ಕೆ ಬಂದ. ಕಲ್ಲುಸಕ್ಕರೆಯ ಮೇಲೆ ಚಹಾ ಸುರಿದೆ, ಅಂಚಿನಿಂದ ಕೆನೆ ಬಿಟ್ಟೆ.

"ಏನಯ್ಯಾ ಪತ್ರಿಕೆಯವನೇ, ಸತ್ತೋರನ್ನೆಲ್ಲ ಎಬ್ಬಿಸ್ತಾ ಇದ್ದೀಯಂತೆ?" ಎಂದ.

"ಎಬ್ಬಿಸೋಕೆ ಅವರು ಇಲ್ಲಿ ಮಲಗಿಲ್ವಲ್ಲ ಹಾಬೋ," ಎಂದರು ಇವರು.

ಹಾಬೋ ಒಂದೇ ಬಟ್ಟಲು ಕುಡಿದು ಚಮಚವನ್ನು ಅದರೊಳಗೆ ನಿಲ್ಲಿಸಿದ. ನಮ್ಮಲ್ಲಿ ಮೂರು ಬಟ್ಟಲು ಕುಡಿದ ಮೇಲೆ ಚಮಚ ಇಡುವುದು, ಇನ್ನು ಸಾಕು ಎಂದು. ಮೊದಲ ಬಟ್ಟಲಿಗೇ ಇಟ್ಟವನು ಆ ಮನೆಯನ್ನೇ ಬಿಟ್ಟ ಹಾಗೆ. ಆಮೇಲೆ ವರ್ಷಗಟ್ಟಲೆ ಅವನು ಬೇಲಿಯಾಚೆಯಿಂದಲೂ ಮಾತಾಡಲಿಲ್ಲ. ಕೋಪೆಲರ ಮೊಮ್ಮಗಳೊಬ್ಬಳು ಹಾಲೆಂಡಿನಲ್ಲಿದ್ದಳು; ಯಜಮಾನರು ಪತ್ರ ಬರೆದ ಮೇಲೆ ಬೀರನ್ನು ಅವಳು ತರಿಸಿಕೊಂಡಳು.

ಯಜಮಾನರು ಹಾಸಿಗೆ ಹಿಡಿದಾಗ ನನ್ನಲ್ಲಿ ಕೇಳಿದ್ದು ಒಂದೇ. "ಗೇಸ್ಕೆ, ನನ್ನನ್ನ ಕೂಲಿಯವರು ಹೊರೋದು ಬೇಡ. ಹಾಬೋ ಬಂದು ಜನ ಕರೀಲಿ."

ನಮ್ಮಲ್ಲಿ ಸಾವಾದ ಮನೆಗೆ ಬಲಗಡೆಯ ನೆರೆಯವನೇ ಹೆಣ ಹೊರಲು ಜನ ಕರೆಯಬೇಕು. ಅವನು ಕರೆಯದಿದ್ದರೆ ಬೀದಿಯಲ್ಲಿ ಯಾರೂ ಬರುವುದಿಲ್ಲ.

ನವೆಂಬರಿನಲ್ಲಿ ಅವರು ಹೋದರು. ನಾನು ಹಾಬೋನ ಬಾಗಿಲು ತಟ್ಟಿ, "ಫೋಲ್ಕರ್ಟ್ ಹೋದ್ರು. ಚಹಾ ಇಟ್ಟಿದ್ದೀನಿ," ಎಂದಷ್ಟೇ ಹೇಳಿ ಬಂದೆ. ನೀರು ಕುದಿಯುವ ಮೊದಲೇ ಬಂದು ಟೋಪಿ ತೆಗೆದು ಕೂತ.

ಮೊದಲ ಬಟ್ಟಲು ಮುಗಿಯಿತು. ಅವನ ಕೈ ಚಮಚದ ಮೇಲೆ ಬಂತು. ನಾನು ಕೆಟಲು ಹಿಡಿದು ನಿಂತೇ ಇದ್ದೆ. ಕೈ ತೆಗೆದ. ಸುರಿದೆ. ಮೂರನೆಯದಕ್ಕೆ ಮಾತು ಬಂತು.

"ನಮ್ಮನೆ ಗೋಡೆ ಗಡಿಯಾರ... ಅದೂ ಅಲ್ಲೀದೇ. ಅಪ್ಪ ತಂದಿದ್ದು."

"ಅವರಿಗೆ ಗೊತ್ತಿತ್ತು."

"ಗೊತ್ತಿದ್ದೂ ಬರೀಲಿಲ್ವಾ?"

"ನೀನೇ ಹೇಳ್ಲಿ ಅಂತ ಕಾದ್ರು."

ಹಾಬೋ ಬಟ್ಟಲು ಬರಿದು ಮಾಡಿದ. "ಆ ಕೋಪೆಲರ ಹುಡುಗಿ ವಿಳಾಸ ಕೊಡು," ಎಂದ. ಆಮೇಲೆ ಚಮಚ ಬಟ್ಟಲಿಗಿಟ್ಟು, ಟೋಪಿ ಹಾಕಿಕೊಂಡು ಜನರನ್ನು ಕರೆಯಲು ಹೊರಟ.

ಪೆಟ್ಟಿಗೆ ಹೊತ್ತಾಗ ಮುಂದಿನ ಬಲಮೂಲೆಗೆ ಅವನೇ ಇದ್ದ. ಅಡುಗೆಮನೆಯ ತಿರುವಿನಲ್ಲಿ, ಬೀರು ಇದ್ದ ಬರಿಗೋಡೆಯ ಹತ್ತಿರ ಒಂದು ಕ್ಷಣ ನಿಂತು, "ನಿಧಾನ ಕಣ್ರೋ," ಎಂದ. "ಬೀರು ಇಲ್ಲೇ ಇದ್ದಿದ್ರೆ ಇವನನ್ನ ತಿರುಗಿಸೋಕೇ ಆಗ್ತಿರ್ಲಿಲ್ಲ."